ಕ್ಲಿಕ್ ಮಾಡಿದವರನ್ನು ಹುಡುಕಬೇಡಿ, ಬಂದು ಹೇಳಿದವರನ್ನು ಎಣಿಸಿ: ಆಫೀಸಿನ ಸೈಬರ್ ಭದ್ರತೆಗೆ ಒಂದು ಮಾರ್ಗದರ್ಶಿ

ಅಕೌಂಟ್ಸ್ ವಿಭಾಗದ ಒಬ್ಬರು ಬೆಳಗ್ಗೆ ಹನ್ನೊಂದು ಗಂಟೆಗೆ ಒಂದು ನಕಲಿ ಲಾಗಿನ್ ಪುಟದಲ್ಲಿ ತಮ್ಮ ಪಾಸ್‌ವರ್ಡ್ ಹಾಕಿದರು. ಹತ್ತೇ ನಿಮಿಷದಲ್ಲಿ ಅವರಿಗೇ ಅನುಮಾನ ಬಂತು. ಐಟಿ ವಿಭಾಗದ ನಮಗೆ ಹೇಳಿದ್ದು ಮಾತ್ರ ಮೂರನೇ ದಿನ.

ಆ ಮೂರು ದಿನ ವಂಚಕ ಅವರ ಇಮೇಲ್ ಒಳಗೆ ಆರಾಮಾಗಿ ಕೂತಿದ್ದ. ಯಾವ ಗ್ರಾಹಕರಿಗೆ ಎಷ್ಟರ ಬಿಲ್ ಹೋಗಿದೆ, ಹಣ ಯಾವಾಗ ಬರಬೇಕು, ಇವರು ಪತ್ರದ ಕೊನೆಗೆ ಏನು ಬರೆಯುತ್ತಾರೆ, ಎಲ್ಲವನ್ನೂ ಓದಿಕೊಂಡ. ಆಮೇಲೆ ಇವರದೇ ಹೆಸರಿನಲ್ಲಿ ಒಬ್ಬ ಗ್ರಾಹಕರಿಗೆ ಬರೆದ: ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಸಲದ ಹಣವನ್ನು ಹೊಸ ಖಾತೆಗೆ ಹಾಕಿ.

ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ಆ ಮೇಲ್ ನೆನಪಾಯ್ತು ಸರ್" ಎಂದರು. ಎರಡು ತಿಂಗಳ ಹಿಂದೆ ಇನ್ನೊಬ್ಬ ಉದ್ಯೋಗಿ ಇಂಥದ್ದೇ ಲಿಂಕ್ ಒತ್ತಿದ್ದಾಗ, ಅವರ ಹೆಸರು ಹಾಕಿ ಇಡೀ ಆಫೀಸಿಗೆ ಒಂದು ಎಚ್ಚರಿಕೆಯ ಮೇಲ್ ಹೋಗಿತ್ತು. ಅದನ್ನು ಬರೆದವನು ನಾನೇ.

ಆವತ್ತಿನಿಂದ ನಾನು ಈ ಕೆಲಸ ನೋಡುವ ರೀತಿಯೇ ಬದಲಾಯಿತು. ಐಟಿ ವಿಭಾಗ ನೋಡಿಕೊಳ್ಳುವವರಿಗೆ, ಚಿಕ್ಕ ಸಂಸ್ಥೆಯ ಮ್ಯಾನೇಜರ್‌ಗೆ, ಅಥವಾ "ನಿನಗೆ ಕಂಪ್ಯೂಟರ್ ಗೊತ್ತಲ್ಲ, ಇದನ್ನೂ ನೀನೇ ನೋಡ್ಕೋ" ಎಂದು ಭದ್ರತೆಯ ಹೊಣೆ ಹೊರಿಸಿಕೊಂಡವರಿಗೆ ಈ ಲೇಖನ. ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಇಡಬೇಕು ಅಂತೇನಿಲ್ಲ. ಆದರೆ ಎರಡನೆಯದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದರೆ ಜಾಸ್ತಿ ಪ್ರಯೋಜನ ಸಿಗುವುದಿಲ್ಲ.

ಶುರು ಮಾಡುವ ಮುನ್ನ ಒಂದು ಅಂಕಿಯ ಬಗ್ಗೆ ಹೇಳಬೇಕು. ಮಾಹಿತಿ ಸೋರಿಕೆಗಳ ಬಗ್ಗೆ ವೆರೈಝನ್ ಕಂಪನಿ ಪ್ರತಿ ವರ್ಷ ಒಂದು ವರದಿ ಹೊರತರುತ್ತದೆ. ಅದರ 2024ರ ಆವೃತ್ತಿಯ ಪ್ರಕಾರ ಶೇ 68ರಷ್ಟು ಸೋರಿಕೆಗಳಲ್ಲಿ ಮನುಷ್ಯರ ಪಾತ್ರ ಇತ್ತು. ಅಂದರೆ ಯಾರೋ ಮೋಸ ಹೋಗಿದ್ದರು, ಇಲ್ಲವೇ ಗೊತ್ತಿಲ್ಲದೆ ತಪ್ಪು ಮಾಡಿದ್ದರು. ಈ ಅಂಕಿಯನ್ನು ಬಹಳ ಜನ ಬೆತ್ತದ ಹಾಗೆ ಬಳಸುತ್ತಾರೆ. "ನೋಡಿ, ತಪ್ಪೆಲ್ಲ ಜನರದ್ದೇ" ಅಂತ. ರಸ್ತೆ ಅಪಘಾತಗಳಲ್ಲಿ ಹೆಚ್ಚುಕಮ್ಮಿ ಪ್ರತಿಯೊಂದರಲ್ಲೂ ಒಬ್ಬ ಚಾಲಕ ಇದ್ದೇ ಇರುತ್ತಾನೆ. ಹಾಗಂತ ರಸ್ತೆಯ ಗುಂಡಿ, ಕೆಟ್ಟ ಬ್ರೇಕು, ದೀಪವಿಲ್ಲದ ತಿರುವು ಇವುಗಳ ಮಾತೇ ಎತ್ತಬಾರದಾ?

ಹೆಜ್ಜೆ 1: ಒಂದು ವಾರ ಸುಮ್ನೆ ನೋಡಿ

ಯಾವ ಸಾಫ್ಟ್‌ವೇರನ್ನೂ ಕೊಳ್ಳಬೇಡಿ. ಯಾವ ಹೊಸ ನಿಯಮವನ್ನೂ ಬರೆಯಬೇಡಿ. ಒಂದು ನೋಟ್‌ಬುಕ್ ಹಿಡಿದು ಜನರ ಪಕ್ಕದಲ್ಲಿ ಹೋಗಿ ಕೂತುಕೊಳ್ಳಿ. ತಪಾಸಣೆಗೆ ಬಂದಿಲ್ಲ, ನಿಮ್ಮ ಕೆಲಸಕ್ಕೆ ನಮ್ಮಿಂದ ಏನು ಅಡ್ಡಿ ಆಗುತ್ತಿದೆ ಎಂದು ತಿಳಿಯಲು ಬಂದಿದ್ದೇನೆ ಎಂದು ಮೊದಲೇ ಹೇಳಿ. ಮೂರು ಪ್ರಶ್ನೆ ಸಾಕು. ಪಾಸ್‌ವರ್ಡ್‌ಗಳನ್ನು ಹೇಗೆ ನೆನಪಿಟ್ಟುಕೊಳ್ಳುತ್ತೀರಿ? ಫೈಲ್ ತುಂಬಾ ದೊಡ್ಡದಾಗಿ ಮೇಲ್‌ನಲ್ಲಿ ಹೋಗದಿದ್ದರೆ ಏನು ಮಾಡುತ್ತೀರಿ? ಒಂದು ಮೇಲ್ ನೋಡಿ ಅನುಮಾನ ಬಂದರೆ ಮೊದಲು ಯಾರನ್ನು ಕೇಳುತ್ತೀರಿ?

ಮೂರನೆಯದಕ್ಕೆ ಬರುವ ಉತ್ತರ ನಿಮಗೆ ಅಚ್ಚರಿ ತರಬಹುದು. ನಾನು ಕೇಳಿದಾಗ ಐಟಿ ವಿಭಾಗ ಎಂದು ಹೇಳಿದವರು ತೀರಾ ಕಡಿಮೆ. ಹೆಚ್ಚಿನವರು ಪಕ್ಕದ ಸೀಟಿನವರನ್ನು ಕೇಳುತ್ತಿದ್ದರು. ಪ್ರತಿ ವಿಭಾಗದಲ್ಲೂ ಕಂಪ್ಯೂಟರ್ ವಿಷಯಕ್ಕೆ ಎಲ್ಲರೂ ಕೇಳುವ ಒಬ್ಬರು ಇರುತ್ತಾರೆ. ಅವರ ಹೆಸರುಗಳನ್ನು ಬರೆದಿಟ್ಟುಕೊಳ್ಳಿ. ಮುಂದೆ ಇವರೇ ನಿಮ್ಮ ಕಿವಿ.

ಫೈಲ್ ವಿಷಯವೂ ಹಾಗೇ. ನೀವು ಕೊಟ್ಟ ದಾರಿ ಕಷ್ಟವಾಗಿದ್ದರೆ ಜನ ತಮ್ಮ ಸ್ವಂತ ಡ್ರೈವ್ ಖಾತೆಗೋ ವಾಟ್ಸ್ಆ್ಯಪ್‌ಗೋ ಹಾಕಿ ಕಳಿಸುತ್ತಾರೆ. ಇದರಲ್ಲಿ ಅಸಡ್ಡೆ ಕಡಿಮೆ. ಸಂಜೆಯೊಳಗೆ ಗ್ರಾಹಕರಿಗೆ ಫೈಲ್ ತಲುಪಬೇಕಿತ್ತು, ಅಷ್ಟೇ. 1999ರಲ್ಲೇ ಆನ್ ಆಡಮ್ಸ್ ಮತ್ತು ಆಂಜೆಲಾ ಸಾಸ್ ಎಂಬ ಸಂಶೋಧಕಿಯರು ಇದನ್ನು ತೋರಿಸಿದ್ದರು. ಜನ ಭದ್ರತೆಯ ನಿಯಮ ಮುರಿಯುವುದು ಕೊಬ್ಬಿನಿಂದ ಅಲ್ಲ, ಆ ನಿಯಮ ಅವರ ಕೆಲಸಕ್ಕೆ ಹೊಂದುವುದಿಲ್ಲ ಎನ್ನುವುದು ಅವರ ವಾದ. ಸಾಸ್ ಮತ್ತು ಅವರ ಜೊತೆಗಾರರು 2008ರಲ್ಲಿ ಇನ್ನೊಂದು ಮಾತು ಸೇರಿಸಿದರು. ನಿಯಮ ಪಾಲಿಸಲು ಪ್ರತಿಯೊಬ್ಬರಲ್ಲೂ ಇಷ್ಟೇ ಎಂಬಷ್ಟು ತಾಳ್ಮೆ ಇರುತ್ತದೆ. ಅದನ್ನು ಬಜೆಟ್ ಥರ ನೋಡಿ ಖರ್ಚು ಮಾಡಬೇಕು ಎಂದರು.

ಈ ಬಜೆಟ್ ಮಾತು ನನಗೆ ತುಂಬಾ ಉಪಯೋಗಕ್ಕೆ ಬಂದಿದೆ. ಹೊಸ ನಿಯಮ ತರುವ ಮೊದಲು ಹಳೆಯದೊಂದನ್ನು ತೆಗೆಯುತ್ತೇನೆ. ನಿಮ್ಮ ವಾರದ ಕೊನೆಗೆ ಹತ್ತಾರು ಅಡ್ಡದಾರಿಗಳ ಪಟ್ಟಿ ಸಿಗುತ್ತದೆ. ಅದನ್ನು ಹೆಸರು ಸಮೇತ ಮೇಲಧಿಕಾರಿಗೆ ಕೊಟ್ಟರೆ ಮತ್ತೆ ಯಾರೂ ನಿಮ್ಮ ಹತ್ತಿರ ಬಾಯಿ ಬಿಡುವುದಿಲ್ಲ.

ಹೆಜ್ಜೆ 2: ಹೇಳುವುದನ್ನು ಸುಲಭ ಮಾಡಿ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ.

ಅದೇ 2024ರ ವೆರೈಝನ್ ವರದಿಯಲ್ಲಿ ಇನ್ನೊಂದು ಲೆಕ್ಕ ಇದೆ. ಮೋಸದ ಮೇಲ್ ತೆರೆದವರು ಲಿಂಕ್ ಒತ್ತಲು ಸಾಮಾನ್ಯವಾಗಿ ತೆಗೆದುಕೊಂಡ ಸಮಯ 21 ಸೆಕೆಂಡು. ಆಮೇಲೆ ತಮ್ಮ ವಿವರ ತುಂಬಲು ಇನ್ನು 28 ಸೆಕೆಂಡು. ಒಂದು ನಿಮಿಷ ಕೂಡ ಇಲ್ಲ. ಇಷ್ಟರೊಳಗೆ ಐಟಿ ವಿಭಾಗದವರು ಏನೂ ಮಾಡಲು ಆಗುವುದಿಲ್ಲ. ಒಂದೇ ಮೇಲ್ ನೂರು ಜನರಿಗೆ ಬಂದಿದ್ದರೆ ಯಾರೋ ಒಬ್ಬರು ಒತ್ತಿಯೇ ಒತ್ತುತ್ತಾರೆ. ನಿಮ್ಮ ಕೈಯಲ್ಲಿರುವುದು ಅದರ ನಂತರದ ಸಮಯ. ಹತ್ತು ನಿಮಿಷಕ್ಕೆ ಸುದ್ದಿ ಬಂದರೆ ಒಂದು ಪಾಸ್‌ವರ್ಡ್ ಬದಲಿಸಿ ಮುಗಿಸಬಹುದು. ಮೂರನೇ ದಿನಕ್ಕೆ ಬಂದರೆ ನನ್ನ ಕಥೆ.

ಹೀಗೆ ಮಾಡಿ. ತಿಳಿಸಲು ಒಂದೇ ಒಂದು ಜಾಗ ಇರಲಿ. ಮೇಲ್ ಬಾಕ್ಸ್‌ನಲ್ಲಿ ಒಂದು ಬಟನ್, ಜೊತೆಗೆ ಒಂದು ಫೋನ್ ನಂಬರ್. ನಂಬರನ್ನು ಪ್ರತಿ ಮೇಜಿನ ಮೇಲೂ ಅಂಟಿಸಿ, ಯಾಕೆಂದರೆ ಕಂಪ್ಯೂಟರೇ ಲಾಕ್ ಆದಾಗ ಇಂಟ್ರಾನೆಟ್‌ನಲ್ಲಿ ನಂಬರ್ ಹುಡುಕಲು ಆಗುವುದಿಲ್ಲ. ಅರ್ಜಿ ತುಂಬಿಸಬೇಡಿ. ಟಿಕೆಟ್ ಹಾಕಿ ಎನ್ನಬೇಡಿ. "ಯಾವ ವರ್ಗದ ಘಟನೆ?" ಎಂದು ಗಾಬರಿಯಲ್ಲಿರುವವರನ್ನು ಕೇಳುವುದು ಎಂಥ ನ್ಯಾಯ?

ಹೇಳಿದವರಿಗೆ ಮನುಷ್ಯರಿಂದಲೇ ಉತ್ತರ ಹೋಗಬೇಕು, ಅದೂ ಅದೇ ದಿನ. ಅವರು ಕಳಿಸಿದ್ದು ಮಾಮೂಲಿ ಜಾಹೀರಾತಾಗಿದ್ದರೂ ಸರಿ. "ನೋಡಿದೆವು, ಇದು ಮೋಸದ ಮೇಲ್ ಅಲ್ಲ. ಆದರೂ ಕಳಿಸಿದ್ದು ಒಳ್ಳೆಯದಾಯಿತು, ಮುಂದೆಯೂ ಕಳಿಸಿ." ಎರಡು ಸಾಲು ಸಾಕು. ಉತ್ತರವೇ ಬರದಿದ್ದರೆ ಮೂರನೇ ಸಲ ಯಾರೂ ಕಳಿಸುವುದಿಲ್ಲ. ನಾನಾದರೂ ಕಳಿಸುವುದಿಲ್ಲ.

ಇನ್ನೊಂದು, ಸಂಸ್ಥೆಯ ಮುಖ್ಯಸ್ಥರಿಂದ ಬರಹದಲ್ಲಿ ಒಂದು ಭರವಸೆ ಪಡೆಯಿರಿ. ಬಾಯಿ ಮಾತು ಸಾಲದು. ಹೀಗಿರಬಹುದು: "ತಪ್ಪಾಗಿ ಲಿಂಕ್ ಒತ್ತಿದವರು, ಪಾಸ್‌ವರ್ಡ್ ಕೊಟ್ಟವರು ತಾವಾಗಿ ಬಂದು ಹೇಳಿದರೆ ಅವರ ಮೇಲೆ ಕ್ರಮ ಇಲ್ಲ. ಅವರ ಹೆಸರು ಎಲ್ಲೂ ಹೋಗುವುದಿಲ್ಲ. ವರ್ಷದ ಮೌಲ್ಯಮಾಪನದಲ್ಲೂ ಇದು ಸೇರುವುದಿಲ್ಲ." ಕೊನೆಯ ವಾಕ್ಯ ಬಿಡಬೇಡಿ. ಜನ ನಿಜವಾಗಿ ಹೆದರುವುದು ಅದಕ್ಕೇ.

ಇದು ಸುಮ್ಮನೆ ಒಳ್ಳೆಯತನದ ಮಾತು ಅನಿಸಿದರೆ ಒಂದು ಉದಾಹರಣೆ ನೋಡಿ. 2022ರ ಜುಲೈನಲ್ಲಿ ಕ್ಲೌಡ್‌ಫ್ಲೇರ್ ಕಂಪನಿಯ ಕನಿಷ್ಠ 76 ಉದ್ಯೋಗಿಗಳಿಗೆ ಒಂದೇ ನಿಮಿಷದೊಳಗೆ ಮೋಸದ ಎಸ್ಸೆಮ್ಮೆಸ್ ಬಂತು. ಭದ್ರತೆಯನ್ನೇ ಮಾರುವ ಕಂಪನಿ ಅದು. ಅಲ್ಲೂ ಮೂವರು ಪಾಸ್‌ವರ್ಡ್ ಕೊಟ್ಟರು. ಲಾಗಿನ್‌ಗೆ ಭದ್ರತಾ ಕೀ, ಅಂದರೆ ಪಾಸ್‌ವರ್ಡ್ ಜೊತೆ ಗುರುತು ಖಚಿತಪಡಿಸಲು ಕೈಯಲ್ಲಿ ಹಿಡಿಯುವ ಒಂದು ಚಿಕ್ಕ ಸಾಧನ, ಕಡ್ಡಾಯ ಇದ್ದದ್ದರಿಂದ ವಂಚಕರು ಒಳಗೆ ಬರಲಾಗಲಿಲ್ಲ. ಆಮೇಲೆ ಕಂಪನಿ ಎಲ್ಲವನ್ನೂ ಬಹಿರಂಗವಾಗಿ ಬರೆಯಿತು. ಆ ಮೂವರನ್ನು ಬೈಯಲಿಲ್ಲ ಎಂದೂ ಹೇಳಿತು. ಉದ್ಯೋಗಿಗಳು ಅನುಮಾನಿಸಲಿ, ಆದರೆ ತಪ್ಪಾದಾಗ ದೂರುವ ವಾತಾವರಣ ಬೇಡ ಎನ್ನುವುದು ಅವರ ನಿಲುವು.

ಸುದ್ದಿ ಬಂದ ಮೊದಲ ಅರ್ಧ ಗಂಟೆಯಲ್ಲಿ ನೀವೇನು ಮಾಡಬೇಕು ಎನ್ನುವುದನ್ನೂ ಈಗಲೇ ಒಂದು ಹಾಳೆಯಲ್ಲಿ ಬರೆದಿಡಿ. ನನ್ನ ಹಾಳೆಯಲ್ಲಿ ಇರುವುದು ಇಷ್ಟು:

- ಪಾಸ್‌ವರ್ಡ್ ಬದಲಿಸಿ. ಎಲ್ಲ ಸಾಧನಗಳಿಂದಲೂ ಆ ಖಾತೆಯನ್ನು ಲಾಗ್ಔಟ್ ಮಾಡಿಸಿ. ಮೊದಲನೆಯದನ್ನು ಮಾತ್ರ ಮಾಡಿದರೆ, ಆಗಲೇ ಒಳಗೆ ಕೂತವನು ಅಲ್ಲೇ ಉಳಿಯಬಹುದು.
- ಮೇಲ್ ಖಾತೆಯ ನಿಯಮಗಳನ್ನು ನೋಡಿ. ಬಂದ ಮೇಲ್‌ಗಳನ್ನು ಹೊರಗೆ ಕಳಿಸುವ, ಇಲ್ಲವೇ "ಇನ್‌ವಾಯ್ಸ್" ಎಂಬ ಪದ ಇರುವವನ್ನು ಬೇರೆ ಫೋಲ್ಡರ್‌ಗೆ ತಳ್ಳುವ ಹೊಸ ನಿಯಮ ಸೇರಿದೆಯೇ?
- ಎರಡನೇ ಹಂತದ ದೃಢೀಕರಣಕ್ಕೆ (ಪಾಸ್‌ವರ್ಡ್ ಹಾಕಿದ ಮೇಲೆ ಫೋನಿನಲ್ಲೋ ಬೇರೆ ಸಾಧನದಲ್ಲೋ ಮತ್ತೊಮ್ಮೆ ಖಚಿತಪಡಿಸುವುದು) ಗೊತ್ತಿಲ್ಲದ ಫೋನ್ ಸೇರಿದೆಯೇ?
- ಅದೇ ಮೇಲ್ ಇನ್ಯಾರಿಗೆ ಬಂದಿದೆ? ಎಲ್ಲರ ಬಾಕ್ಸ್‌ನಿಂದಲೂ ತೆಗೆಯಿರಿ.
- ಹಣ ಹೋಗಿದ್ದರೆ ಮೊದಲ ಫೋನ್ ಬ್ಯಾಂಕಿಗೆ. ಉಳಿದದ್ದೆಲ್ಲ ಆಮೇಲೆ.
- ಹೇಳಿದವರ ಹತ್ತಿರ ವಾಪಸ್ ಹೋಗಿ "ಎಲ್ಲ ಸರಿ ಮಾಡಿದ್ದೇವೆ" ಎಂದು ತಿಳಿಸಿ. ಅಲ್ಲಿಯವರೆಗೂ ಅವರಿಗೆ ಕೆಲಸ ಓಡಿರುವುದಿಲ್ಲ.

ಹೆಜ್ಜೆ 3: ಹಣದ ವಿಷಯದಲ್ಲಿ ಬಾಸ್‌ಗೂ ವಿನಾಯಿತಿ ಬೇಡ

2024ರ ಆರಂಭದಲ್ಲಿ ಅರೂಪ್ ಎಂಬ ಎಂಜಿನಿಯರಿಂಗ್ ಕಂಪನಿಯ ಹಾಂಗ್‌ಕಾಂಗ್ ಕಚೇರಿಯಲ್ಲಿ ನಡೆದದ್ದನ್ನು ಕೇಳಿದ್ದೀರಾ? ಹಣಕಾಸು ವಿಭಾಗದ ಒಬ್ಬ ಉದ್ಯೋಗಿಗೆ, ಕಂಪನಿಯ ಮುಖ್ಯ ಹಣಕಾಸು ಅಧಿಕಾರಿಯ ಹೆಸರಿನಲ್ಲಿ ಗುಟ್ಟಿನ ವ್ಯವಹಾರದ ಬಗ್ಗೆ ಮೇಲ್ ಬಂತು. ಆ ಉದ್ಯೋಗಿಗೆ ಮೊದಲು ಅನುಮಾನವೇ ಬಂದಿತ್ತು. ಆಮೇಲೆ ವಿಡಿಯೊ ಕಾಲ್ ಆಯಿತು. ಅದರಲ್ಲಿ ಅಧಿಕಾರಿ ಇದ್ದರು, ಪರಿಚಯದ ಸಹೋದ್ಯೋಗಿಗಳೂ ಇದ್ದರು. ಒಬ್ಬರೂ ನಿಜವಲ್ಲ, ಎಲ್ಲವೂ ಡೀಪ್‌ಫೇಕ್, ಅಂದರೆ ಕಂಪ್ಯೂಟರ್ ಸೃಷ್ಟಿಸಿದ ನಕಲಿ ಮುಖ ಮತ್ತು ದನಿ. 15 ಸಲ ಹಣ ವರ್ಗಾವಣೆ ಆಯಿತು. ಒಟ್ಟು 20 ಕೋಟಿ ಹಾಂಗ್‌ಕಾಂಗ್ ಡಾಲರ್.

ಇದನ್ನು ಹೇಳಿದಾಗ ಜನ ಡೀಪ್‌ಫೇಕ್ ಕಂಡುಹಿಡಿಯುವುದು ಹೇಗೆ ಎಂದು ಕೇಳುತ್ತಾರೆ. ಕಣ್ಣು ಮಿಟುಕಿಸುತ್ತದಾ, ತುಟಿ ಸರಿಯಾಗಿ ಅಲ್ಲಾಡುತ್ತದಾ ಅಂತ. ನನ್ನ ಅಭಿಪ್ರಾಯದಲ್ಲಿ ಅದು ದಂಡದ ಕೆಲಸ. ತಂತ್ರ ತಿಂಗಳಿಗೊಮ್ಮೆ ಸುಧಾರಿಸುತ್ತದೆ, ನಮ್ಮ ಕಣ್ಣು ಸುಧಾರಿಸುವುದಿಲ್ಲ. ನಾನು ನೋಡುವುದು ಬೇರೆ ಕಡೆ. ಆ ಉದ್ಯೋಗಿಗೆ ಅನುಮಾನ ಬಂದಿತ್ತು, ಅಲ್ವಾ? ಅನುಮಾನ ಬಂದವರು ಆ ಕ್ಷಣದಲ್ಲಿ ಹಿಡಿಯಬಹುದಾದ ಒಂದು ದಾರಿ ಸಿದ್ಧವಾಗಿರಬೇಕು.

ಆ ದಾರಿ ತೀರಾ ಸರಳ. ಬ್ಯಾಂಕ್ ಖಾತೆ ಬದಲಾವಣೆ, ಹೊಸ ಖಾತೆಗೆ ಹಣ, ನಿಗದಿ ಮಾಡಿದ ಮೊತ್ತಕ್ಕಿಂತ ದೊಡ್ಡ ವರ್ಗಾವಣೆ: ಈ ಮೂರಕ್ಕೂ ವಾಪಸ್ ಫೋನ್ ಮಾಡಿ ಖಚಿತ ಮಾಡಿಕೊಳ್ಳಬೇಕು. ಮೇಲ್‌ನಲ್ಲಿ ಕೊಟ್ಟ ನಂಬರ್‌ಗೆ ಅಲ್ಲ, ಮೊದಲಿನಿಂದ ನಿಮ್ಮ ದಾಖಲೆಯಲ್ಲಿರುವ ನಂಬರ್‌ಗೆ. ಒಬ್ಬರು ಪಾವತಿ ಹಾಕಬೇಕು, ಇನ್ನೊಬ್ಬರು ಮಂಜೂರು ಮಾಡಬೇಕು. "ಅರ್ಜೆಂಟ್" ಎಂಬ ಪದ ಕಂಡರೆ ಈ ನಿಯಮ ಸಡಿಲವಾಗಬಾರದು, ಇನ್ನೂ ಬಿಗಿಯಾಗಬೇಕು. ಇಂಥ ವ್ಯವಹಾರದ ಮೇಲ್ ವಂಚನೆಯಿಂದ 2024ರಲ್ಲಿ ಸುಮಾರು 277 ಕೋಟಿ ಡಾಲರ್ ನಷ್ಟವಾಯಿತೆಂದು ಅಮೆರಿಕದ ಎಫ್‌ಬಿಐಗೆ ದೂರುಗಳು ಬಂದಿವೆ. ಗೂಗಲ್ ಮತ್ತು ಫೇಸ್‌ಬುಕ್‌ನಂಥ ಕಂಪನಿಗಳೇ 2013ರಿಂದ 2015ರ ನಡುವೆ ಸರಬರಾಜುದಾರರ ಹೆಸರಿನ ನಕಲಿ ಬಿಲ್‌ಗಳಿಗೆ 10 ಕೋಟಿ ಡಾಲರ್‌ಗೂ ಹೆಚ್ಚು ಹಣ ಕಟ್ಟಿಬಿಟ್ಟಿದ್ದವು. ಅಲ್ಲಿ ಕಂಪ್ಯೂಟರ್ ಗೊತ್ತಿರುವವರಿಗೆ ಬರವೇ!

ಕಷ್ಟದ ಭಾಗ ಈಗ ಬರುತ್ತದೆ. ಈ ನಿಯಮ ಹಾಳೆಯಲ್ಲಿ ಇದ್ದರೆ ಸಾಲದು. ಬಾಸ್ ನಿಜವಾಗಿಯೂ ಏರ್‌ಪೋರ್ಟಿನಿಂದ ಫೋನ್ ಮಾಡಿ "ಈಗಲೇ ಕಳಿಸು" ಎಂದಾಗ, ಕಿರಿಯ ಉದ್ಯೋಗಿಯೊಬ್ಬರು "ಒಂದು ನಿಮಿಷ ಸರ್, ನಾನೇ ವಾಪಸ್ ಮಾಡ್ತೀನಿ" ಎನ್ನಬಲ್ಲರೇ? ಎಂದಮೇಲೆ ಬಾಸ್ ಏನೆನ್ನುತ್ತಾರೆ? "ನನ್ನ ಮೇಲೇ ಅನುಮಾನಾನಾ?" ಎಂದರೆ ಅಲ್ಲಿಗೆ ನಿಮ್ಮ ನಿಯಮ ಸತ್ತಿತು. ಇಡೀ ಆಫೀಸಿಗೆ ಸಂಜೆಯೊಳಗೆ ಆ ಸುದ್ದಿ ಗೊತ್ತಾಗಿರುತ್ತದೆ. ಅದಕ್ಕೆ ಮೊದಲು ಮುಖ್ಯಸ್ಥರನ್ನು ಕೂರಿಸಿಕೊಂಡು ಮಾತಾಡಿ. ಒಮ್ಮೆ ಎಲ್ಲರೆದುರು ಅವರೇ ಹೇಳಲಿ: "ನನ್ನ ಹೆಸರಿನಲ್ಲಿ ಹಣ ಕೇಳಿ ಯಾರೇ ಫೋನ್ ಮಾಡಿದರೂ ಇಟ್ಟುಬಿಡಿ, ನನ್ನ ನಂಬರ್‌ಗೆ ವಾಪಸ್ ಮಾಡಿ. ನನಗೆ ಬೇಜಾರಾಗುವುದಿಲ್ಲ." ಸಾಧ್ಯವಾದರೆ ಮುಂದಿನ ತಿಂಗಳು ಅವರಿಂದಲೇ ಒಂದು ಫೋನ್ ಮಾಡಿಸಿ ನೋಡಿ. ತಡೆದವರಿಗೆ ಅವರೇ ಥ್ಯಾಂಕ್ಸ್ ಹೇಳಲಿ.

ಹೆಜ್ಜೆ 4: ಹೆಲ್ಪ್‌ಡೆಸ್ಕ್ ಬಾಗಿಲು

ಜನರಿಗೆ ಫಿಶಿಂಗ್, ಅಂದರೆ ಪಾಸ್‌ವರ್ಡ್‌ನಂಥ ವಿವರ ಕದಿಯುವ ಮೋಸದ ಮೇಲ್ ಬಗ್ಗೆ ಪಾಠ ಮಾಡುವ ಸಂಸ್ಥೆಗಳು ತಮ್ಮ ಹೆಲ್ಪ್‌ಡೆಸ್ಕ್ ಮರೆತುಬಿಡುತ್ತವೆ. ಪಾಸ್‌ವರ್ಡ್ ಮರೆತವರಿಗೆ ಹೊಸದು ಕೊಡುವವರು ಅವರೇ. ಫೋನ್ ಕಳೆದುಕೊಂಡವರ ಎರಡನೇ ಹಂತದ ದೃಢೀಕರಣ ತೆಗೆದು ಬೇರೆ ಹಾಕಿಕೊಡುವವರೂ ಅವರೇ. 2023ರ ಸೆಪ್ಟೆಂಬರ್‌ನಲ್ಲಿ ಎಂಜಿಎಂ ರೆಸಾರ್ಟ್ಸ್ ಎಂಬ ಅಮೆರಿಕದ ಹೋಟೆಲ್-ಕ್ಯಾಸಿನೊ ಕಂಪನಿಯ ಮೇಲೆ ದಾಳಿ ಶುರುವಾದದ್ದು ಹೆಲ್ಪ್‌ಡೆಸ್ಕ್‌ಗೆ ಉದ್ಯೋಗಿಯ ಸೋಗಿನಲ್ಲಿ ಬಂದ ಒಂದು ಫೋನಿನಿಂದ ಎಂದು ವರದಿಗಳಾದವು. ಕಂಪನಿಯೇ ಅಂದಾಜಿಸಿದ ಪೆಟ್ಟು ಸುಮಾರು 10 ಕೋಟಿ ಡಾಲರ್. 2020ರ ಜುಲೈನಲ್ಲಿ ಟ್ವಿಟರ್‌ನಲ್ಲಿ ಇದು ತಿರುಗುಮುರುಗು ಆಗಿತ್ತು. ವಂಚಕರು ತಾವೇ ಐಟಿ ಹೆಲ್ಪ್‌ಡೆಸ್ಕ್ ಎಂದು ಉದ್ಯೋಗಿಗಳಿಗೆ ಫೋನ್ ಮಾಡಿದ್ದರು. 130 ಖಾತೆಗಳ ಮೇಲೆ ಕೈ ಹಾಕಿದರು. ಬರಾಕ್ ಒಬಾಮ, ಬಿಲ್ ಗೇಟ್ಸ್ ಅವರ ಖಾತೆಗಳಿಂದಲೂ ಬಿಟ್‌ಕಾಯಿನ್ ಕೇಳುವ ಟ್ವೀಟ್ ಬಂತು.

ನಿಮ್ಮ ಹೆಲ್ಪ್‌ಡೆಸ್ಕ್‌ನವರು ಫೋನಿನಲ್ಲಿ ಏನು ಕೇಳುತ್ತಾರೆ? ಹುಟ್ಟಿದ ದಿನ, ಉದ್ಯೋಗಿ ಸಂಖ್ಯೆ, ಮ್ಯಾನೇಜರ್ ಹೆಸರು. ಮೂರೂ ಲಿಂಕ್ಡ್‌ಇನ್‌ನಲ್ಲೋ ಹಳೆಯ ಸೋರಿಕೆಯಲ್ಲೋ ಸಿಗುವಂಥವು. ಅದರ ಬದಲು, ದಾಖಲೆಯಲ್ಲಿರುವ ನಂಬರ್‌ಗೆ ವಾಪಸ್ ಫೋನ್ ಮಾಡಲಿ. ಫೋನೇ ಕಳೆದಿದ್ದರೆ ಅವರ ಮ್ಯಾನೇಜರ್‌ಗೆ ಫೋನ್ ಮಾಡಿ ಕೇಳಲಿ, ಇಲ್ಲವೇ ಖುದ್ದು ಬರಲಿ. ಆಡಳಿತದ ಅಧಿಕಾರ ಇರುವ ಖಾತೆಗಳಿಗೆ ಫೋನಿನಲ್ಲಿ ಬದಲಾವಣೆಯೇ ಬೇಡ.

ಇಷ್ಟು ಹೇಳಿ, ತಿಂಗಳ ಕೊನೆಗೆ "ಎಷ್ಟು ಬೇಗ ಕಾಲ್ ಮುಗಿಸಿದೆ?" ಎಂದು ಅವರನ್ನು ಅಳೆದರೆ ಮಾತ್ರ ಎಲ್ಲ ವ್ಯರ್ಥ. ಬೇಗ ಮುಗಿಸಿ, ನಗುನಗುತ್ತಾ ಮಾತಾಡಿ ಎಂದು ಕಲಿಸಿದ ಜನರನ್ನೇ ಅನುಮಾನ ಪಡಿ ಎನ್ನುತ್ತಿದ್ದೇವೆ. ಅವರ ಅಳತೆಗೋಲನ್ನೂ ಬದಲಿಸಬೇಕು.

ಹೆಜ್ಜೆ 5: ಪಾಸ್‌ವರ್ಡ್ ಹೊರೆ ಇಳಿಸಿ

ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ, 90 ದಿನಕ್ಕೊಮ್ಮೆ ಬದಲಾವಣೆ. ಈ ಶಾಸ್ತ್ರ ಹರಡಲು ಮುಖ್ಯ ಕಾರಣವಾದದ್ದು ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2003ರಲ್ಲಿ ಸಿದ್ಧಪಡಿಸಿದ ದಾಖಲೆ. ಅದನ್ನು ಬರೆದ ಬಿಲ್ ಬರ್ 2017ರಲ್ಲಿ, ಅದರಲ್ಲಿ ಬಹಳಷ್ಟರ ಬಗ್ಗೆ ಈಗ ತಮಗೆ ವಿಷಾದವಿದೆ ಎಂದರು. ಅದೇ ವರ್ಷ ಎನ್‌ಐಎಸ್‌ಟಿ ಕೂಡ ಸಲಹೆ ಬದಲಿಸಿತು. ಸೋರಿಕೆಯಾದ ಸುಳಿವಿಲ್ಲದೆ ಸುಮ್ಸುಮ್ನೆ ಬದಲಿಸುವಂತೆ ಒತ್ತಾಯಿಸಬೇಡಿ, ಚಿಹ್ನೆಗಳ ಕಟ್ಟಳೆ ಬೇಡ, ಈಗಾಗಲೇ ಸೋರಿದ ಪಾಸ್‌ವರ್ಡ್‌ಗಳ ಪಟ್ಟಿಯಲ್ಲಿ ಇದೆಯೇ ಎಂದು ನೋಡಿ ಎಂದಿತು. ಮೈಕ್ರೋಸಾಫ್ಟ್ 2019ರಲ್ಲಿ ತನ್ನ ವಿಂಡೋಸ್ ಶಿಫಾರಸುಗಳಿಂದ ಪಾಸ್‌ವರ್ಡ್ ಅವಧಿಯನ್ನು ತೆಗೆಯಿತು. ಆದರೂ ಎಷ್ಟೋ ಆಫೀಸುಗಳಲ್ಲಿ ಹಳೆಯ ಶಾಸ್ತ್ರವೇ ನಡೆದಿದೆ. ಮೂರು ತಿಂಗಳಿಗೊಮ್ಮೆ ಬದಲಿಸಿ ಎಂದರೆ ಜನ ಕೊನೆಯ 1ನ್ನು 2 ಮಾಡುತ್ತಾರೆ. ನಾನೂ ಮಾಡಿದ್ದೇನೆ.

ಎಲ್ಲರಿಗೂ ಒಂದು ಪಾಸ್‌ವರ್ಡ್ ಮ್ಯಾನೇಜರ್ (ಪಾಸ್‌ವರ್ಡ್‌ಗಳನ್ನು ನೆನಪಿಟ್ಟು ತಾನೇ ತುಂಬುವ ಸಾಫ್ಟ್‌ವೇರ್) ಕೊಡಿಸಿ, ಒಬ್ಬೊಬ್ಬರ ಪಕ್ಕ ಕೂತು ಹಾಕಿಕೊಡಿ. ಲಿಂಕ್ ಕಳಿಸಿ ಸುಮ್ಮನಾದರೆ ಅರ್ಧ ಜನ ಹಾಕಿಕೊಳ್ಳುವುದಿಲ್ಲ. ಇದರಿಂದ ಇನ್ನೊಂದು ಲಾಭ ಇದೆ. ನಕಲಿ ಸೈಟಿನಲ್ಲಿ ಅದು ತಾನಾಗಿ ಪಾಸ್‌ವರ್ಡ್ ತುಂಬುವುದಿಲ್ಲ. "ಯಾವಾಗಲೂ ತುಂಬುತ್ತಿತ್ತು, ಈಗ ಯಾಕೆ ತುಂಬುತ್ತಿಲ್ಲ?" ಎನ್ನುವುದೇ ಒಂದು ಎಚ್ಚರಿಕೆಯ ಗಂಟೆ. ಇದನ್ನು ಜನರಿಗೆ ಹೇಳಿಕೊಡಿ.

ಎರಡನೇ ಹಂತದ ದೃಢೀಕರಣದಲ್ಲಿ ಬರೀ "ಹೌದು / ಅಲ್ಲ" ಕೇಳುವುದನ್ನು ಬಿಡಿ. 2022ರಲ್ಲಿ ಊಬರ್‌ನ ಒಬ್ಬ ಗುತ್ತಿಗೆ ಕೆಲಸಗಾರರಿಗೆ ಒಂದರ ಮೇಲೊಂದು ಲಾಗಿನ್ ಕೋರಿಕೆ ಬರುತ್ತಲೇ ಇದ್ದವು. ಕೊನೆಗೆ ಅವರು ಒಂದನ್ನು ಒಪ್ಪಿಬಿಟ್ಟರು. ಅಷ್ಟೇ ಸಾಕಾಯಿತು. ಪರದೆಯ ಮೇಲೆ ಕಾಣುವ ಸಂಖ್ಯೆಯನ್ನು ಫೋನಿನಲ್ಲಿ ಹಾಕುವ ವಿಧಾನ ಇದಕ್ಕಿಂತ ಮೇಲು. ಪಾಸ್‌ಕೀ (ಪಾಸ್‌ವರ್ಡ್ ಬದಲು ಫೋನ್ ಅಥವಾ ಕಂಪ್ಯೂಟರಿನಲ್ಲೇ ಇರುವ ಡಿಜಿಟಲ್ ಕೀ) ಅಥವಾ ಭದ್ರತಾ ಕೀ ಎಲ್ಲಕ್ಕಿಂತ ಮೇಲು. ಅಸಲಿ ಸೈಟಿಗೆ ಬಿಟ್ಟು ಬೇರೆಲ್ಲೂ ಅದು ಕೆಲಸವೇ ಮಾಡುವುದಿಲ್ಲ, ಹಾಗಾಗಿ ಉದ್ಯೋಗಿ ಮೋಸ ಹೋದರೂ ಕೀ ಮೋಸ ಹೋಗುವುದಿಲ್ಲ. 2017ರ ಆರಂಭದಿಂದ ಇವನ್ನು ಕಡ್ಡಾಯ ಮಾಡಿದ ಮೇಲೆ ತನ್ನ 85,000ಕ್ಕೂ ಹೆಚ್ಚು ಉದ್ಯೋಗಿಗಳಲ್ಲಿ ಯಾರ ಕೆಲಸದ ಖಾತೆಯೂ ಫಿಶಿಂಗ್‌ಗೆ ಬಲಿಯಾಗಿಲ್ಲ ಎಂದು ಗೂಗಲ್ 2018ರಲ್ಲಿ ಹೇಳಿತು. ಎಲ್ಲರಿಗೂ ಕೊಡಲು ಆಗದಿದ್ದರೆ ಹಣಕಾಸು, ಐಟಿ, ಮೇಲಧಿಕಾರಿಗಳು, ಈ ಮೂರು ಗುಂಪಿಗೆ ಮೊದಲು ಕೊಡಿ.

ಹೆಜ್ಜೆ 6: ತರಬೇತಿ, ಮತ್ತು ಆ ನಕಲಿ ಫಿಶಿಂಗ್ ಪರೀಕ್ಷೆ

ವರ್ಷಕ್ಕೊಮ್ಮೆ ಒಂದು ಗಂಟೆಯ ವಿಡಿಯೊ, ಕೊನೆಯಲ್ಲಿ ಹತ್ತು ಪ್ರಶ್ನೆ. ಇದರಿಂದ ಲೆಕ್ಕಪರಿಶೋಧಕರಿಗೆ ಸಮಾಧಾನ ಆಗುತ್ತದೆ. ಬೇರೆ ಯಾರಿಗೆ ಏನಾಗುತ್ತದೋ ನನಗೆ ಗೊತ್ತಾಗಿಲ್ಲ.

ನಕಲಿ ಫಿಶಿಂಗ್ ಮೇಲ್ ಕಳಿಸಿ, ಒತ್ತಿದವರಿಗೆ ಅಲ್ಲೇ ಪಾಠ ತೋರಿಸುವ ಪದ್ಧತಿ ಇದೆಯಲ್ಲ, ಅದನ್ನು ಸಂಶೋಧಕರು ಅಳೆದು ನೋಡಿದ್ದಾರೆ. ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್‌ನವರು ಒಂದು ದೊಡ್ಡ ಕಂಪನಿಯಲ್ಲಿ 15 ತಿಂಗಳ ಕಾಲ 14,000ಕ್ಕೂ ಹೆಚ್ಚು ಉದ್ಯೋಗಿಗಳನ್ನು ಗಮನಿಸಿದರು. ಅಂಥ ಪಾಠದಿಂದ ಜನ ಗಟ್ಟಿಯಾಗಲಿಲ್ಲ. ಕೆಲವು ಸಲ ಇನ್ನಷ್ಟು ಸಡಿಲವಾದರು. ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆರೋಗ್ಯ ವಿಭಾಗದಲ್ಲಿ 19,500ಕ್ಕೂ ಹೆಚ್ಚು ಉದ್ಯೋಗಿಗಳ ಮೇಲೆ ಎಂಟು ತಿಂಗಳು ನಡೆದ ಅಧ್ಯಯನ 2025ರಲ್ಲಿ ಹೊರಬಂತು. ಮೋಸ ಹೋಗುವುದರಲ್ಲಿ ತರಬೇತಿ ಸಿಕ್ಕವರಿಗೂ ಸಿಗದವರಿಗೂ ಇದ್ದ ವ್ಯತ್ಯಾಸ ಶೇ 1.7 ಮಾತ್ರ.

ಇಟಿಎಚ್ ಅಧ್ಯಯನದಲ್ಲಿ ನನಗೆ ಹಿಡಿಸಿದ್ದು ಬೇರೆ ಭಾಗ. ಉದ್ಯೋಗಿಗಳೇ ಬಟನ್ ಒತ್ತಿ ಅನುಮಾನದ ಮೇಲ್ ತಿಳಿಸುವ ಪದ್ಧತಿ ಚೆನ್ನಾಗಿ ಕೆಲಸ ಮಾಡಿತು. ತಿಂಗಳುಗಳು ಕಳೆದರೂ ಜನ ಬೇಸತ್ತು ಬಿಡಲಿಲ್ಲ. ಅಂದರೆ ಒಬ್ಬೊಬ್ಬರನ್ನೂ ಕಾವಲುಗಾರ ಮಾಡಲು ಹೋಗುವ ಬದಲು, ನೂರು ಜನರಲ್ಲಿ ಐದು ಜನ ಬೇಗ ಹೇಳಿದರೂ ಸಾಕು.

ಪರೀಕ್ಷೆ ಮಾಡಲೇಬೇಕೆಂದಿದ್ದರೆ ಮಾಡಿ. ಆದರೆ ಸಂಬಳ, ಬೋನಸ್, ಕೆಲಸದಿಂದ ತೆಗೆಯುವುದು, ಕಾಯಿಲೆ ಇವನ್ನು ಗಾಳಕ್ಕೆ ಸಿಕ್ಕಿಸಬೇಡಿ. 2020ರ ಡಿಸೆಂಬರ್‌ನಲ್ಲಿ, ಕೊರೊನಾ ಕಷ್ಟದ ನಡುವೆ, ಗೋಡ್ಯಾಡಿ ಕಂಪನಿ ತನ್ನ ಉದ್ಯೋಗಿಗಳಿಗೆ 650 ಡಾಲರ್ ಹಬ್ಬದ ಬೋನಸ್ ಎಂಬ ಪರೀಕ್ಷಾ ಮೇಲ್ ಕಳಿಸಿತು. ವಿವರ ತುಂಬಿದವರಿಗೆ ಬೋನಸ್ ಬದಲು ತರಬೇತಿ ಸಿಕ್ಕಿತು. ಕೊನೆಗೆ ಕಂಪನಿ ಕ್ಷಮೆ ಕೇಳಬೇಕಾಯಿತು. ನಿಜವಾದ ವಂಚಕರು ಬೋನಸ್ ಆಸೆ ತೋರಿಸುವುದಿಲ್ಲವೇ ಎಂದು ನೀವು ಕೇಳಬಹುದು. ತೋರಿಸುತ್ತಾರೆ. ಆದರೆ ವಂಚಕನಿಗೆ ಮಾರನೇ ದಿನ ಅದೇ ಜನರ ನಂಬಿಕೆ ಬೇಕಾಗಿರುವುದಿಲ್ಲ. ನಿಮಗೆ ಬೇಕು.

ನಾನು ಈಗ ಮಾಡುವುದು ಇಷ್ಟೇ. ತಿಂಗಳಿಗೊಮ್ಮೆ ಕಾಲು ಗಂಟೆ, ಒಂದೊಂದು ವಿಭಾಗದ ಜೊತೆ. ಆ ತಿಂಗಳು ನಮಗೇ ಬಂದ ನಿಜವಾದ ಮೋಸದ ಮೇಲ್‌ಗಳನ್ನು ತೋರಿಸುತ್ತೇನೆ. ಮೊದಲು ಹೇಳಿದವರಿಗೆ, ಅವರು ಒಪ್ಪಿದರೆ, ಎಲ್ಲರೆದುರು ಥ್ಯಾಂಕ್ಸ್. ಒಂದು ಸಲ ನಾನೇ ಒತ್ತಿದ ಲಿಂಕ್ ಒಂದನ್ನೂ ತೋರಿಸಿದ್ದೆ. ಆವತ್ತು ಸಿಕ್ಕಷ್ಟು ಪ್ರಶ್ನೆ ಯಾವತ್ತೂ ಸಿಕ್ಕಿಲ್ಲ.

ಹೆಜ್ಜೆ 7: ಮತ್ತೆ ಮತ್ತೆ ಒತ್ತುವವರ ಕೆಲಸ ನೋಡಿ

ಪ್ರತಿ ಆಫೀಸಿನಲ್ಲೂ ಒಬ್ಬಿಬ್ಬರು ಪದೇ ಪದೇ ಸಿಕ್ಕಿಬೀಳುತ್ತಾರೆ. ಇಂಥವರನ್ನು ಏನು ಮಾಡಬೇಕು ಎಂದು ಮ್ಯಾನೇಜರ್‌ಗಳು ಹಲ್ಲು ಕಡಿಯುತ್ತಾರೆ. ಅವರ ಕೆಲಸ ಏನೆಂದು ಮೊದಲು ನೋಡಿ. ನೇಮಕಾತಿ ವಿಭಾಗದವರಾದರೆ, ಪರಿಚಯವಿಲ್ಲದವರು ಕಳಿಸಿದ ಫೈಲ್ ತೆರೆಯುವುದೇ ಅವರ ಕೆಲಸ! "ಗೊತ್ತಿಲ್ಲದವರ ಅಟ್ಯಾಚ್‌ಮೆಂಟ್ ತೆರೆಯಬೇಡಿ" ಎಂದು ಅವರಿಗೆ ಹೇಳುವುದು ಕೆಲಸ ಮಾಡಬೇಡಿ ಎಂದ ಹಾಗೆ.

ವಂಚಕರಿಗೆ ಇದು ಚೆನ್ನಾಗಿ ಗೊತ್ತು. ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿಗೆ ಕನ್ನ ಹಾಕಿದವರು ಮೊದಲು ಕೆಲಸ ಕೇಳುವವರ ಸೋಗಿನಲ್ಲಿ, ಬಯೋಡೇಟಾ ಇದೆ ನೋಡಿ ಎಂದು ಮೇಲ್ ಕಳಿಸಿದ್ದರು. 2016ರ ಫೆಬ್ರುವರಿಯಲ್ಲಿ 8.1 ಕೋಟಿ ಡಾಲರ್ ಹೋಯಿತು. 2011ರಲ್ಲಿ ಆರ್‌ಎಸ್‌ಎ ಎಂಬ ಭದ್ರತಾ ಕಂಪನಿಗೇ ಕನ್ನ ಬಿದ್ದದ್ದು ನೇಮಕಾತಿ ಯೋಜನೆ ಎಂಬ ಹೆಸರಿನ ಎಕ್ಸೆಲ್ ಫೈಲಿನಿಂದ. ಆ ಮೇಲ್ ಜಂಕ್ ಫೋಲ್ಡರ್‌ಗೆ ಹೋಗಿತ್ತು, ಉದ್ಯೋಗಿಯೊಬ್ಬರು ಅಲ್ಲಿಂದ ಎತ್ತಿ ತೆರೆದರು. ಕುತೂಹಲ ಆಗುವಂಥ ಹೆಸರೇ ಅಲ್ವಾ?

ಇಂಥವರಿಗೆ ಇನ್ನೊಂದು ತರಬೇತಿ ಕೊಡುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಅರ್ಜಿಗಳು ಮೇಲ್‌ನಲ್ಲಿ ಬಾರದೆ ಒಂದು ವೆಬ್ ಫಾರ್ಮ್ ಮೂಲಕ ಬರಲಿ. ಫೈಲ್‌ಗಳು ಬ್ರೌಸರ್ ಒಳಗೇ ತೆರೆದುಕೊಳ್ಳಲಿ, ಕಂಪ್ಯೂಟರಿಗೆ ಇಳಿಯುವುದು ಬೇಡ. ಅವರ ಖಾತೆಗೆ ಬೇಡದ ಅಧಿಕಾರಗಳನ್ನು ತೆಗೆಯಿರಿ. ಕೆಲಸದ ಒತ್ತಡವೂ ಒಂದು ಕಾರಣ ಇರಬಹುದು. ಮೂವರ ಕೆಲಸ ಒಬ್ಬರೇ ಮಾಡುವಾಗ ಮೇಲ್ ವಿಳಾಸದ ಸ್ಪೆಲ್ಲಿಂಗ್ ನೋಡುವಷ್ಟು ಪುರುಸೊತ್ತು ಎಲ್ಲಿಂದ ಬರಬೇಕು?

ಹೆಜ್ಜೆ 8: ಬರುವವರು, ಹೋಗುವವರು

ಇದು ಬೇಗ ಮುಗಿಯುವ ವಿಷಯ, ಆದರೆ ಬಿಡುವಂಥದ್ದಲ್ಲ. ಹೊಸದಾಗಿ ಸೇರಿದವರಿಗೆ ಬಾಸ್‌ನ ದನಿ ಗೊತ್ತಿಲ್ಲ, ಬರವಣಿಗೆಯ ಧಾಟಿ ಗೊತ್ತಿಲ್ಲ, ಒಳ್ಳೆಯ ಹೆಸರು ಪಡೆಯುವ ಆಸೆ ಬೇರೆ. ಸೇರಿದ ಸುದ್ದಿಯನ್ನು ಅವರೇ ಲಿಂಕ್ಡ್‌ಇನ್‌ನಲ್ಲಿ ಹಾಕಿರುತ್ತಾರೆ. ಮೊದಲ ದಿನವೇ ಹತ್ತು ನಿಮಿಷ ಕೂತು, "ಬಾಸ್ ಹೆಸರಿನಲ್ಲಿ ಗಿಫ್ಟ್ ಕಾರ್ಡ್ ಕೇಳುವ ಮೆಸೇಜ್ ಬರಬಹುದು, ಬಂದರೆ ನಮಗೆ ಕಳಿಸಿ" ಎಂದು ಹೇಳಿಬಿಡಿ.

ಕೆಲಸ ಬಿಟ್ಟವರ ಖಾತೆ ಅದೇ ದಿನ ಮುಚ್ಚಬೇಕು. 2021ರಲ್ಲಿ ಅಮೆರಿಕದ ಇಂಧನ ಸಾಗಣೆ ಕಂಪನಿ ಕೊಲೋನಿಯಲ್ ಪೈಪ್‌ಲೈನ್‌ಗೆ ನುಗ್ಗಿದವರು ಬಂದದ್ದು ಬಳಕೆಯಲ್ಲೇ ಇಲ್ಲದ ಒಂದು ಹಳೆಯ ವಿಪಿಎನ್ (ಹೊರಗಿನಿಂದ ಆಫೀಸಿನ ನೆಟ್‌ವರ್ಕ್ ಸೇರುವ ದಾರಿ) ಖಾತೆಯಿಂದ. ಅದಕ್ಕೆ ಎರಡನೇ ಹಂತದ ದೃಢೀಕರಣ ಇರಲಿಲ್ಲ. ಕಂಪನಿ 75 ಬಿಟ್‌ಕಾಯಿನ್ ಒತ್ತೆಹಣ ಕೊಟ್ಟಿತು, ಆಗಿನ ಲೆಕ್ಕದಲ್ಲಿ ಸುಮಾರು 44 ಲಕ್ಷ ಡಾಲರ್. ಐಟಿಗೂ ಸಿಬ್ಬಂದಿ ವಿಭಾಗಕ್ಕೂ ನಡುವೆ ವಾರಕ್ಕೊಂದು ಪಟ್ಟಿ ಓಡಾಡಿದರೆ ಇಂಥ ಖಾತೆಗಳು ಉಳಿಯುವುದಿಲ್ಲ.

ಬೇಲಿಯೇ ಎದ್ದು ಹೊಲ ಮೇಯುವ ಪ್ರಸಂಗಗಳೂ ಇವೆ. ಒಳಗಿನವರೇ ಬೇಕಂತ ಮಾಹಿತಿ ಕದಿಯುವುದು. ಅದಕ್ಕೆ ಮದ್ದು ಎಲ್ಲರನ್ನೂ ಕಳ್ಳರ ಹಾಗೆ ನೋಡುವುದಲ್ಲ. ಪ್ರತಿಯೊಬ್ಬರಿಗೂ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಿ, ದೊಡ್ಡ ಪ್ರಮಾಣದಲ್ಲಿ ಫೈಲ್ ಹೊರಗೆ ಹೋದರೆ ಗೊತ್ತಾಗುವ ಹಾಗೆ ಮಾಡಿ.

ಹೆಜ್ಜೆ 9: ಏನಾದರೂ ಆದಮೇಲೆ ಮಾತಾಡುವ ಬಗೆ

"ಯಾಕೆ ಒತ್ತಿದಿರಿ?" ಎಂದು ಕೇಳಬೇಡಿ. ಈ ಪ್ರಶ್ನೆಗೆ ಉತ್ತರ ಇಲ್ಲ, ಕ್ಷಮಾಪಣೆ ಮಾತ್ರ ಇದೆ. "ಆಗ ಪರದೆಯ ಮೇಲೆ ಏನು ಕಾಣಿಸುತ್ತಿತ್ತು?", "ಅದೇ ಹೊತ್ತಿಗೆ ಬೇರೆ ಏನು ಕೆಲಸ ನಡೆದಿತ್ತು?", "ಯಾವ ಕ್ಷಣದಲ್ಲಿ ಏನೋ ಸರಿಯಿಲ್ಲ ಅನಿಸಿತು?" ಎಂದು ಕೇಳಿ. ಕೊನೆಯದರಲ್ಲಿ ನಿಮಗೆ ನಿಜವಾದ ಮಾಹಿತಿ ಸಿಗುತ್ತದೆ. ನಮ್ಮ ಅಕೌಂಟ್ಸ್‌ನವರನ್ನು ಹೀಗೆ ಕೇಳಿದಾಗ ಅವರು ಹೇಳಿದ್ದು ಇದು: ಅವತ್ತು ನಮ್ಮದೇ ಸಿಸ್ಟಂ ಬೆಳಗ್ಗೆಯಿಂದ ನಾಲ್ಕು ಸಲ ಲಾಗ್ಔಟ್ ಮಾಡಿತ್ತು. ಐದನೇ ಸಲ ಬಂದದ್ದು ನಕಲಿ ಪುಟ. ಅವರ ಕಣ್ಣಿಗೆ ಅದರಲ್ಲಿ ಹೊಸತೇನೂ ಇರಲಿಲ್ಲ. ಆ ಲಾಗ್ಔಟ್ ತೊಂದರೆಯ ಬಗ್ಗೆ ತಿಂಗಳಿಂದ ದೂರುಗಳಿದ್ದವು, ನಾವು ಮುಂದಕ್ಕೆ ಹಾಕುತ್ತಲೇ ಬಂದಿದ್ದೆವು.

ಘಟನೆಯ ವರದಿಯನ್ನು ಹೆಸರಿಲ್ಲದೆ ಬರೆಯಿರಿ. ಒಂದು ಪುಟ ಸಾಕು. ಏನಾಯಿತು, ಎಷ್ಟು ಹೊತ್ತಿಗೆ ಗೊತ್ತಾಯಿತು, ನಮ್ಮ ವ್ಯವಸ್ಥೆಯಲ್ಲಿ ಏನು ಬದಲಿಸಿದೆವು. "ಸಿಬ್ಬಂದಿಗೆ ಎಚ್ಚರಿಕೆ ನೀಡಲಾಗಿದೆ" ಎಂಬುದೊಂದೇ ಬದಲಾವಣೆ ಆಗಿದ್ದರೆ ಆ ಪುಟವನ್ನು ಹರಿದು ಮತ್ತೆ ಬರೆಯಿರಿ.

ಮೇಲಧಿಕಾರಿಗಳಿಗೆ ತಿಂಗಳ ಲೆಕ್ಕ ಕೊಡುವಾಗ ಎಷ್ಟು ಜನ ಒತ್ತಿದರು ಎನ್ನುವುದನ್ನು ಮೊದಲ ಸಾಲಿಗೆ ಹಾಕಬೇಡಿ. ಎಷ್ಟು ಜನ ತಿಳಿಸಿದರು, ಮೊದಲ ಸುದ್ದಿ ಎಷ್ಟು ನಿಮಿಷಕ್ಕೆ ಬಂತು, ಒತ್ತಿದವರಲ್ಲಿ ಎಷ್ಟು ಜನ ತಾವಾಗಿ ಹೇಳಿದರು, ಇವು ಮೂರು ಮೇಲೆ ಬರಲಿ. ಶುರುವಿನಲ್ಲಿ ತಿಳಿಸುವವರ ಸಂಖ್ಯೆ ಏರಿದಾಗ "ಸಮಸ್ಯೆ ಜಾಸ್ತಿ ಆಗುತ್ತಿದೆಯಾ?" ಎಂದು ಮೇಲಿನವರು ಗಾಬರಿಯಾಗುತ್ತಾರೆ. ಸಮಸ್ಯೆ ಮೊದಲೂ ಅಷ್ಟೇ ಇತ್ತು, ಈಗ ಕಾಣಿಸುತ್ತಿದೆ ಎಂದು ಮುಂಚೆಯೇ ಹೇಳಿಟ್ಟಿರಿ.

ನಮ್ಮಲ್ಲಿ ಈಗ ತಿಳಿಸುವವರ ಪಟ್ಟಿಯಲ್ಲಿ ಅಕೌಂಟ್ಸ್‌ನ ಅದೇ ಉದ್ಯೋಗಿಯ ಹೆಸರು ಆಗಾಗ ಮೊದಲು ಬರುತ್ತದೆ. ಕಳೆದ ತಿಂಗಳು ಅವರು ಕಳಿಸಿದ ಒಂದು ಮೇಲ್ ನೋಡಿ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ. "ಇಂದೇ ಮಾಡಿ" ಎಂಬ ದಪ್ಪಕ್ಷರದ ತಲೆಬರಹ, ಕೆಳಗೊಂದು ಲಿಂಕ್, ಸಂಜೆಯೊಳಗೆ ಒತ್ತದಿದ್ದರೆ ಖಾತೆ ಬಂದ್ ಎಂಬ ಸಾಲು. ಫಿಶಿಂಗ್ ಮೇಲ್‌ನ ಲಕ್ಷಣ ಎಲ್ಲವೂ ಇದ್ದವು. ಕಳಿಸಿದವನು ನಾನೇ, ನಿಜವಾದ ಸೂಚನೆಯೇ. ಅವರಿಗೆ ಥ್ಯಾಂಕ್ಸ್ ಹೇಳಿ, ಅದನ್ನು ಲಿಂಕ್ ಇಲ್ಲದೆ ಮತ್ತೆ ಬರೆದು ಕಳಿಸಿದೆ.